ಹೆಂಡದಂಗಡಿಯ ಬೆಂಚಿನ ಮೇಲೆ ನಮ್ಮ ಷಡ್ಡಕರು

ಈ ದಸರಾ ರಜೆಯಲ್ಲಿ ಒಬ್ಬ ರಾಕ್ಷಸರಾಜನನ್ನು ಕೊಂದೇ ತೀರುತ್ತೇನೆಂದು ನಾನು ಶಪಥ ಮಾಡಿದ್ದೆ. ಮನಸ್ಸಿನಲ್ಲೇ ಮಾಡಿಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಸ್ಟಾಫ್ ರೂಮಿನಲ್ಲಿ, ಮಂಡಕ್ಕಿ ತಿನ್ನುತ್ತಾ, ಎಲ್ಲರ ಎದುರಿಗೆ ಮಾಡಿಬಿಟ್ಟೆ. ವಿಜ್ಞಾನದ ಸುನೀತಾ ಮೇಡಂ "ಯಾರನ್ನ ಸಾರ್, ಹೆಡ್‌ಮಾಸ್ಟ್ರನ್ನಾ?" ಎಂದು ಮೆಲ್ಲಗೆ ಕೇಳಿದರು. ಅಲ್ಲ, ಇವನು ಹಳೇ ಪರಿಚಯದವನು ಎಂದೆ.

ನಾನು ಪರಶುರಾಮ್, ಚನ್ನಗಿರಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ವಾರಕ್ಕೊಂದು ಸಾಮ್ರಾಜ್ಯವನ್ನು ಪತನಗೊಳಿಸಿ ಕಪ್ಪುಹಲಗೆ ಒರೆಸುವುದು ನನ್ನ ಕಸುಬು. ದಾವಣಗೆರೆಯಲ್ಲಿ ಬಿ.ಎ. ಓದುವಾಗ ಕಾಲೇಜಿನ ಹತ್ತಿರ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಬೇರೆಯವರು ಅಲ್ಲಿ ಕಾರು ಓಡಿಸಿ, ಗುಂಡು ಹಾರಿಸಿ ಎದ್ದು ಹೋಗುತ್ತಿದ್ದರು. ನನ್ನದು ನಿಧಾನದ ಆಟ. ಕತ್ತಿ ಹಿಡಿದ ನಾಯಕನೊಬ್ಬ ಸಂಗಡಿಗರನ್ನು ಕಟ್ಟಿಕೊಂಡು ಊರೂರು ಅಲೆಯುತ್ತಾನೆ, ಸಿಕ್ಕವರನ್ನೆಲ್ಲ ಮಾತಾಡಿಸುತ್ತಾನೆ, ತನ್ನ ಸರದಿ ಬಂದಾಗ ಮಾತ್ರ ಹೊಡೆಯುತ್ತಾನೆ. ಬಹಳ ಮರ್ಯಾದಸ್ಥರ ಯುದ್ಧ. ಓದಬೇಕಾದ ಹೊತ್ತನ್ನೆಲ್ಲ ಅದಕ್ಕೆ ಸುರಿದು, ರಾಕ್ಷಸರಾಜನ ಕೋಟೆಯ ಬಾಗಿಲಿಗೆ ಹೋಗಿ ನಿಂತಾಗ ಅಂಗಡಿಯವನು ಟಿವಿ ಎತ್ತಿಟ್ಟು ಅದೇ ಜಾಗದಲ್ಲಿ ಬಳೆ ಅಂಗಡಿ ಇಟ್ಟ. ರಾಕ್ಷಸ ಬದುಕಿಕೊಂಡ, ನಾನು ಬಿ.ಎಡ್. ಸೇರಿದೆ.

ಈಗ ಅದೇ ಆಟವನ್ನು ಚಿತ್ರಕ್ಕೆಲ್ಲ ಹೊಸ ಬಣ್ಣ ಬಳಿದು, ಅನುಕೂಲಗಳನ್ನು ಸೇರಿಸಿ, ಟಿವಿಗೆ ಜೋಡಿಸಿ ಆಡುವ ಹೊಸ ಕನ್ಸೋಲಿಗೆ ಮತ್ತೆ ಬಿಟ್ಟಿದ್ದಾರೆ. ಸುದ್ದಿ ಓದಿದ ದಿನವೇ ಕನ್ಸೋಲೂ ಆಟವೂ ಮನೆಗೆ ಬಂದವು.

ನನ್ನ ಹೆಂಡತಿ ಸಂಘಮಿತ್ರಾ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಡ್ಯೂಟಿಯಿಂದ ಬಂದವಳು ಟಿವಿಯ ಕೆಳಗಿದ್ದ ಕರಿ ಡಬ್ಬಿಯನ್ನು ನೋಡಿದಳು.

"ಇದೇನ್ರೀ?"

"ಇತಿಹಾಸದ ಒಂದು ಅಪೂರ್ಣ ಅಧ್ಯಾಯ."

"ಆಡೋದಾದ್ರೆ ಆಡಿ. ಆದ್ರೆ ಹಬ್ಬಕ್ಕೆ ಅಕ್ಕ ಭಾವ ಬರ್ತಾರೆ, ನೆನಪೈತಲ್ಲ? ಈ ಸಲ ಏನಾದ್ರೂ ಎಡವಟ್ಟು ಮಾಡಿದ್ರೆ ನಾನು ಸುಮ್ನಿರಲ್ಲ."

ನೆನಪಿಲ್ಲದೆ ಏನು? ಅವಳ ಅಕ್ಕ ಯಶೋಧರಾ ಇರುವುದು ಜಗಳೂರಿನಲ್ಲಿ. ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು, ಉಚ್ಚಂಗೆಪ್ಪನವರು. ಅಲ್ಲಿನ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ಕಬಡ್ಡಿಯಲ್ಲಿ ಎತ್ತಿದ ಕೈ. ನಮ್ಮ ಮನೆಯ ಗೃಹಪ್ರವೇಶದ ಕಾರ್ಡಿನಲ್ಲಿ ಸ್ವಾಗತ ಕೋರುವವರ ಹೆಸರುಗಳಿರುತ್ತವಲ್ಲ, ಅದರಲ್ಲಿ ಉಚ್ಚಂಗೆಪ್ಪನವರ ಹೆಸರು ಹೂಬಳ್ಳಿಗೆ ಅಡ್ಡ ಬರುತ್ತದೆಂದು ಪ್ರೆಸ್ಸಿನವರು ಒಂದು ಸಾಲು ಕೆಳಗೆ ಇಳಿಸಿದ್ದರು. ಮೇಲಿನ ಸಾಲಿಗೆ ಸಿದ್ದು ಬಂದ. ಸಿದ್ದು ನನ್ನ ಹೆಂಡತಿಯ ಚಿಕ್ಕಪ್ಪನ ಮಗ, ನ್ಯಾಮತಿಯವನು, ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದ. ಉಚ್ಚಂಗೆಪ್ಪನವರು ಬಂದರು, ಕೈಯಲ್ಲಿ ಕಾರ್ಡು ಹಿಡಿದುಕೊಂಡೇ ಶಾಮಿಯಾನದ ಹೊರಗೆ ನಿಂತರು, ಊಟಕ್ಕೆ ಕರೆದರೆ "ಸಿದ್ದು ಉಂಡನಾ?" ಎಂದು ಕೇಳಿ ಹೊರಟುಹೋದರು. ಅಲ್ಲಿಂದ ಅಕ್ಕತಂಗಿಯರ ಫೋನು ನಿಂತಿತು. ಸಂಘಮಿತ್ರಾ ಆಸ್ಪತ್ರೆಯಲ್ಲಿ ಬೇರೆಯವರ ಅಕ್ಕಂದಿರಿಗೆ ಇಂಜೆಕ್ಷನ್ ಕೊಟ್ಟು ಬಂದು ಮನೆಯಲ್ಲಿ ಕೂತು ಅಳುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಕೊನೆಗೆ ಹೊನ್ನಾಳಿಯಿಂದ ಅತ್ತೆ ಭೀಮಕ್ಕ ಜಗಳೂರಿಗೂ ಚನ್ನಗಿರಿಗೂ ಬಸ್ಸಿನಲ್ಲಿ ಓಡಾಡಿ ರಾಜಿ ಮಾಡಿಸಿದ್ದರು. ಈ ದಸರಾಕ್ಕೆ ಎಲ್ಲರೂ ನಮ್ಮ ಮನೆಯಲ್ಲಿ ಸೇರುವುದೆಂದು ತೀರ್ಮಾನವಾಗಿತ್ತು.

ಅವರು ಬರುವುದಕ್ಕೆ ಮೊದಲು ನಾನು ಆಟ ಶುರು ಮಾಡಿದೆ. ಅದರಲ್ಲಿ ಒಂದು ಹೆಂಡದಂಗಡಿ. ಅಲ್ಲಿಗೆ ಹೋಗಿ ಬೇಕಾದಷ್ಟು ಸಂಗಡಿಗರನ್ನು ಸೇರಿಸಿಕೊಳ್ಳಬಹುದು, ಹೆಸರನ್ನೂ ನಾವೇ ಇಡಬಹುದು. ಆದರೆ ದಂಡಯಾತ್ರೆಗೆ ಹೋಗುವವರು ನಾಲ್ಕೇ ಜನ. ಉಳಿದವರು ಕರೆ ಬರುವ ತನಕ ಹೆಂಡದಂಗಡಿಯ ಬೆಂಚಿನ ಮೇಲೆ ಕೂತಿರುತ್ತಾರೆ. ಕಾಲೇಜಿನಲ್ಲಿದ್ದಾಗ ಸ್ನೇಹಿತರ ಹೆಸರಿಡುತ್ತಿದ್ದೆ. ಈಗ ಸಂಸಾರಸ್ಥ. ಮನೆಯವರ ಹೆಸರೇ ಇಟ್ಟೆ.

ನಾಯಕ ನಾನೇ, ಅದರಲ್ಲಿ ಚರ್ಚೆಯಿಲ್ಲ. ಗಾಯ ವಾಸಿ ಮಾಡುವವಳಿಗೆ ಸಂಘಮಿತ್ರಾ ಎಂದು ಹೆಸರಿಟ್ಟೆ. ಮಾತೆತ್ತಿದರೆ ಬೆಂಕಿ ಉಗುಳುವ ಮಂತ್ರಗಾತಿಗೆ ಭೀಮಕ್ಕ ಎಂಬ ಹೆಸರು ತಾನಾಗಿಯೇ ಹೊಳೆಯಿತು. ಗುರಾಣಿ ಹಿಡಿದು ಎಲ್ಲರ ಪೆಟ್ಟನ್ನೂ ತಾನೇ ತಿಂದುಕೊಂಡು ಸುಮ್ಮನೆ ನಿಲ್ಲುವವನಿಗೆ ಮಾವ ತಿಪ್ಪೇಶಪ್ಪನವರ ಹೆಸರು. ದೊಡ್ಡ ಗದೆಯ ಪೈಲ್ವಾನನಿಗೆ, ಪೂರ್ತಿ ಗೌರವದಿಂದಲೇ, ಉಚ್ಚಂಗೆಪ್ಪ ಎಂದೆ. ಆದರೆ ಪೈಲ್ವಾನ ಬಹಳ ನಿಧಾನ. ಎಲ್ಲರೂ ಹೊಡೆದು ಮುಗಿಸಿ ಮನೆಗೆ ಹೊರಟಾಗ ಇವನು ಗದೆ ಎತ್ತುತ್ತಿದ್ದ. ಹಾಗಾಗಿ ಮೊದಲ ದಿನವೇ ಬೆಂಚಿನ ಮೇಲೆ ಕೂರಿಸಿದೆ, ಆಮೇಲೆ ಮರೆತೇಬಿಟ್ಟೆ. ನಾವು ನಾಲ್ವರು ಕಾಡು ಮೇಡು ದಾಟಿ ರಾಕ್ಷಸರಾಜನ ಕೋಟೆಯ ಬಾಗಿಲು ತಲುಪಿದೆವು.

ವಿಜಯದಶಮಿಯ ಹಿಂದಿನ ದಿನ ಎಲ್ಲರೂ ಬಂದರು. ಅತ್ತೆ ಮಾವ ಬಸ್ಸಿನಲ್ಲಿ, ಷಡ್ಡಕರು ತಮ್ಮ ಕಾರಿನಲ್ಲಿ. ಅಕ್ಕತಂಗಿಯರು ಬಾಗಿಲಲ್ಲೇ ತಬ್ಬಿಕೊಂಡರು. ಅದನ್ನು ನೋಡಿ ನನ್ನ ಕಣ್ಣೂ ತುಂಬಿತು. ಆ ಖುಷಿಯಲ್ಲಿ ಮೈಮರೆತು ಟಿವಿ ಹಾಕಿ ಆಟ ತೆರೆದೆ.

"ಅದು ನನ್ನ ಹೆಸರಲ್ವೇನಪ್ಪ?" ಎಂದರು ಮಾವ. ಅವರ ಹೆಸರು ಟಿವಿಯಲ್ಲಿ ಬಂದದ್ದು ಅದೇ ಮೊದಲು. ಕನ್ನಡಕ ಒರೆಸಿ ಹಾಕಿಕೊಂಡು ಮತ್ತೆ ಓದಿದರು.

ಅತ್ತೆಯ ಬೆಂಕಿಗೆ ಒಂದು ತೋಳ ಸುಟ್ಟು ಬಿತ್ತು. "ಚೆನ್ನಾಗೈತೆ" ಎಂದು ಅತ್ತೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

ಉಚ್ಚಂಗೆಪ್ಪನವರು ಮಾತ್ರ ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿದರು. ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಓದಿದರು. ಕಾಫಿ ಲೋಟವನ್ನು ಕೆಳಗಿಟ್ಟರು.

"ನಂದು ಕಾಣ್ತಿಲ್ಲ, ಮೇಷ್ಟ್ರೇ."

"ಇದ್ದೀರಿ ಅಣ್ಣಾ, ನೀವಿಲ್ಲದೆ ಇರ್ತೀರಾ? ತೋರಿಸ್ತೀನಿ ಇರಿ" ಎಂದು ಹೆಮ್ಮೆಯಿಂದ ಹೆಂಡದಂಗಡಿಗೆ ಕರೆದೊಯ್ದೆ. ಒಯ್ಯಬಾರದಿತ್ತು. ಹಳೆಯ ಆಟದಲ್ಲಿ ಅದು ಮಸುಕು ಮಸುಕಾದ ಒಂದು ಕೋಣೆ. ಹೊಸದರಲ್ಲಿ ಎಲ್ಲ ಸ್ವಚ್ಛವಾಗಿ ಕಾಣುವಂತೆ ಬರೆದಿದ್ದಾರೆ. ಬೆಂಚಿನ ಮೇಲೆ ಪೈಲ್ವಾನ ಒಬ್ಬನೇ ಕೂತಿದ್ದ. ತಲೆಯ ಮೇಲೆ ಉಚ್ಚಂಗೆಪ್ಪ ಎಂಬ ಹೆಸರು, ಮುಂದೆ ನೊರೆ ಉಕ್ಕುವ ದೊಡ್ಡ ಲೋಟ. ನಮ್ಮ ಷಡ್ಡಕರೋ, ಕೆಮ್ಮಿನ ಸಿರಪ್ಪನ್ನೂ ಮೂಸಿ ನೋಡಿ ಕುಡಿಯುವವರು. ಮದ್ಯಪಾನದ ಕೇಡಿನ ಮೇಲೆ ಪ್ರತಿ ವರ್ಷ ಶಾಲೆಯಲ್ಲಿ ಭಾಷಣ ಮಾಡುವವರು.

"ಇದು ಯಾವ ಜಾಗ?"

"ಛತ್ರ ಅಣ್ಣಾ."

"ಲೋಟದಾಗೆ ಏನೈತೆ?"

"ಮಜ್ಜಿಗೆ."

ಅಷ್ಟರಲ್ಲಿ ಪಕ್ಕದ ಬೆಂಚಿನವನು ತೂರಾಡಿ ಕೆಳಗೆ ಬಿದ್ದ. ಮಜ್ಜಿಗೆಗೆ ಯಾರೂ ಹಾಗೆ ಬೀಳುವುದಿಲ್ಲ. ಉಚ್ಚಂಗೆಪ್ಪನವರು ಸಿಟ್ಟಾಗಲಿಲ್ಲ, ಕೂಗಲಿಲ್ಲ. ಮೆತ್ತಗೆ "ಯಶೋಧಾ, ಬ್ಯಾಗು ಬಿಚ್ಚಿಲ್ಲ ತಾನೆ?" ಎಂದರು.

ಅಡುಗೆಮನೆಯಿಂದ ಅಕ್ಕತಂಗಿಯರು ಓಡಿಬಂದರು. ಸಂಘಮಿತ್ರಾ ಕೈಯಲ್ಲಿ ಸೌಟು ಹಿಡಿದೇ ಟಿವಿ ನೋಡಿದಳು, ನನ್ನ ಮುಖ ನೋಡಿದಳು. ಇಂಜೆಕ್ಷನ್ನಿಗೆ ಮೊದಲು ನರ್ಸುಗಳು ಜಾಗ ಹುಡುಕುವಾಗ ನೋಡುತ್ತಾರಲ್ಲ, ಆ ನೋಟ.

"ಅಣ್ಣಾ, ನಿಮ್ಮನ್ನ ಮುಖ್ಯ ಯುದ್ಧಕ್ಕೆ ಅಂತ ಉಳಿಸಿಕೊಂಡಿದ್ದೆ" ಎಂದೆ. ನಾಲಗೆ ತಾನಾಗಿಯೇ ಹೊರಳಿತು. "ಈಗಲೇ ಕರ್ಕೊಂಡು ಹೋಗ್ತೀನಿ ನೋಡಿ."

ಒಬ್ಬರು ಒಳಗೆ ಬರಬೇಕಾದರೆ ಒಬ್ಬರು ಹೊರಗೆ ಕೂರಬೇಕು. ಮಾವನವರನ್ನು ಕೂರಿಸಿದೆ. "ನಂದೇನೈತೆ ಬಿಡಪ್ಪ, ವಯಸ್ಸಾತು" ಎಂದು ಮಾವ ಕನ್ನಡಕ ತೆಗೆದು ಜೇಬಿಗಿಟ್ಟರು. ಅದನ್ನು ನೋಡಿ ಅತ್ತೆಗೆ ತಡೆಯಲಾಗಲಿಲ್ಲ.

"ಪರಶಣ್ಣಾ, ಇವರನ್ನ ಸರಾಯಿ ಅಂಗಡ್ಯಾಗೆ ಬಿಟ್ಟು ನಾನೆಲ್ಲಿಗೂ ಬರಾಕೆ ಆಗಲ್ಲ. ನನ್ನೂ ಇಳಿಸ್ರಿ."

"ಅತ್ತೆ, ನೀವಿಲ್ಲದಿದ್ರೆ ಬೆಂಕಿ ಯಾರು ಉಗುಳ್ತಾರೆ?"

"ಒಲೆ ಹಚ್ಚಿಕೊಳ್ರಿ."

ಅತ್ತೆಯೂ ಇಳಿದರು. ಉಳಿದ ನಾವು ಮೂವರು ಕೋಟೆಯ ಬಾಗಿಲಿಗೆ ಹೋದೆವು. ಷಡ್ಡಕರಿಗೆ ಮರ್ಯಾದೆಯಿರಲೆಂದು ಎಲ್ಲರಿಗಿಂತ ಮುಂದೆ ನಿಲ್ಲಿಸಿದೆ. ನಾವೆಲ್ಲ ಹೊಡೆದಾಡಿ ಬಲಿತವರು, ಅವರು ಬೆಂಚಿನ ಮೇಲೆ ಕೂತೇ ಇದ್ದವರು, ಮೈಯಲ್ಲಿ ಮೊದಲ ದಿನದ ಬಲವಷ್ಟೇ ಇದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಒಂದು ಬಾವಲಿ ಬಂದು ರೆಕ್ಕೆಯಿಂದ ತಟ್ಟಿತು. ಅಷ್ಟೆ. ಉಚ್ಚಂಗೆಪ್ಪನವರು ಹೋದರು.

ಈ ಆಟದಲ್ಲಿ ಸತ್ತವರು ಮಾಯವಾಗುವುದಿಲ್ಲ. ಶವಪೆಟ್ಟಿಗೆಯೊಂದು ಬರುತ್ತದೆ, ಉಳಿದವರು ಅದನ್ನು ಎಳೆದುಕೊಂಡು ಓಡಾಡಬೇಕು. ನಾನು ಎಡಕ್ಕೆ ಹೋದೆ, ಪೆಟ್ಟಿಗೆ ಎಡಕ್ಕೆ ಬಂತು. ಬಲಕ್ಕೆ ಹೋದೆ, ಬಲಕ್ಕೆ ಬಂತು. ಪೆಟ್ಟಿಗೆಯ ಮೇಲೆ ಹೆಸರು ಸ್ಪಷ್ಟವಾಗಿತ್ತು. ಇಡೀ ಮನೆ ಅದನ್ನು ಓದಿತು.

"ನಾಳೆ ಹಬ್ಬ ಇಟ್ಕೊಂಡು ಇದೇನು ನೋಡಾಕೆ ಹಚ್ಚೀರಿ ನಮ್ಗೆ" ಎಂದು ಅತ್ತೆ ಮುಖ ತಿರುಗಿಸಿದರು. ಯಶೋಧರಾ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಉಚ್ಚಂಗೆಪ್ಪನವರು ಕಾರಿನ ಕೀಲಿ ಹುಡುಕತೊಡಗಿದರು. ಕೀಲಿ ಸಿಕ್ಕರೆ ನನ್ನ ಸಂಸಾರದ ಕಥೆ ಮುಗಿಯಿತು ಎಂದು ನನಗೆ ಗೊತ್ತಾಯಿತು.

"ಕೊಡ್ರಿ ಇಲ್ಲಿ" ಎಂದು ಸಂಘಮಿತ್ರಾ ನನ್ನ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡಳು. "ಜೀವ ಬರಿಸೋ ಬಟನ್ ಯಾವುದು?"

ತೋರಿಸಿದೆ. ಟಿವಿಯೊಳಗಿನ ಸಂಘಮಿತ್ರಾ ಕೈಯೆತ್ತಿದಳು, ಬೆಳಕು ಬಿತ್ತು, ಪೆಟ್ಟಿಗೆ ಒಡೆಯಿತು, ಪೈಲ್ವಾನ ಗದೆ ಸಮೇತ ಎದ್ದು ನಿಂತ. ಉಚ್ಚಂಗೆಪ್ಪನವರು ಕೀಲಿ ಹುಡುಕುವುದನ್ನು ನಿಲ್ಲಿಸಿದರು.

"ಸರಿಯಾಗಿ ವಾರ್ಮಪ್ ಇಲ್ದೆ ಇಳಿಸಿದ್ರೆ ಯಾರಾದ್ರೂ ಬೀಳ್ತಾರೆ" ಎಂದರು. ದನಿಯಲ್ಲಿ ಸ್ವಲ್ಪ ಗಾಳಿಯಾಡಿತು. ಉಳಿದೆನಪ್ಪ ಎಂದು ನಾನು ಉಸಿರು ಬಿಟ್ಟೆ.

ಆಗ ಯಶೋಧರಾ, ಯಾರ ಮೇಲೂ ದೂರಿಲ್ಲದ ದನಿಯಲ್ಲಿ, "ನಾನೆಲ್ಲಿದೀನಿ ಇದ್ರಾಗೆ?" ಎಂದು ಕೇಳಿದರು.

ಬೆಂಚಿನ ಮೇಲೂ ಇರಲಿಲ್ಲ. ನಾನು ಅವರ ಹೆಸರನ್ನೇ ಇಟ್ಟಿರಲಿಲ್ಲ. ಯಾವ ಕಾರ್ಡಿನ ಯಾವ ಸಾಲಿಗೂ ಇಂಥ ಅಪರಾಧ ಮಾಡುವ ಶಕ್ತಿಯಿಲ್ಲ.

"ನಮ್ಮಕ್ಕನ್ನ ಮರ್ತ್ರಾ?" ಎಂದಳು ಸಂಘಮಿತ್ರಾ. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ.

ಆ ಸಂಜೆ ನನ್ನ ಪಾಲಿಗೆ ಚಪಾತಿ ಬಂತು, ಪಲ್ಯ ಬರಲಿಲ್ಲ.

ನಮ್ಮದು ಬೌದ್ಧರ ಮನೆ, ವಿಜಯದಶಮಿ ನಮಗೆ ಧಮ್ಮದೀಕ್ಷೆಯ ದಿನ. ಮರುದಿನ ಬೆಳಗ್ಗೆ ಎಲ್ಲರೂ ಬಿಳಿ ಬಟ್ಟೆ ಉಟ್ಟು ಬುದ್ಧವಂದನೆ ಮಾಡಿದೆವು, ಪಂಚಶೀಲ ಹೇಳಿದೆವು. ಐದನೆಯ ಶೀಲ ಮಾದಕ ವಸ್ತುಗಳನ್ನು ಮುಟ್ಟುವುದಿಲ್ಲ ಎಂಬುದು. ಅದನ್ನು ಹೇಳುವಾಗ ಉಚ್ಚಂಗೆಪ್ಪನವರ ದನಿ ಸ್ವಲ್ಪ ಜೋರಾಯಿತು, ಕಣ್ಣು ಟಿವಿಯ ಕಡೆ ಹೋಯಿತು. ಪಾಯಸ ತಿಂದು ಕೈ ತೊಳೆದ ಮೇಲೆ ಅವರೇ ಕನ್ಸೋಲಿನ ಮುಂದೆ ಕೂತರು.

"ಮೇಷ್ಟ್ರೇ, ನಿಮ್ಗೆ ಟೀಮು ಕಟ್ಟಾಕೆ ಬರಲ್ಲ. ಇವತ್ತು ನಾನು ನೋಡ್ಕೋತೀನಿ. ನೀವು ಬಟನ್ ಒತ್ರಿ ಸಾಕು."

ಮೊದಲು ಯಶೋಧರಾ ಅವರನ್ನು ಬಿಲ್ಲುಗಾರ್ತಿಯಾಗಿ ಸೇರಿಸಿದೆವು. ಬೆಂಚಿನ ಸಮಸ್ಯೆಗೂ ದಾರಿ ಸಿಕ್ಕಿತು. ಆಟದಲ್ಲೊಂದು ಬಂಡಿ ಸಿಗುತ್ತದೆ. ಅದನ್ನು ತಂದುಕೊಂಡರೆ ಹೆಚ್ಚಿನವರು ಹೆಂಡದಂಗಡಿಯಲ್ಲಿ ಕೂರಬೇಕಿಲ್ಲ, ಹಿಂದೆಯೇ ಬಂಡಿಯಲ್ಲಿ ಬರಬಹುದು, ಬೇಕಾದಾಗ ಇಳಿದು ಹೊಡೆಯಬಹುದು. ವೀರನಿಗೆ ಬಂಡಿ ಯಾಕೆಂದು ನಾನು ಅದನ್ನು ಬಿಟ್ಟುಬಂದಿದ್ದೆ. ಈಗ ಹೋಗಿ ಅದನ್ನು ತಂದೆ. "ನಂಗೆ ಬಂಡಿನೇ ಚೆಂದ, ಕಾಲು ನೋಯಲ್ಲ" ಎಂದು ಮಾವ ಕನ್ನಡಕ ಹಾಕಿಕೊಂಡರು. ಅತ್ತೆ ಬೆಂಕಿ ಉಗುಳಲು ಒಪ್ಪಿದರು.

ಆಮೇಲೆ ಕವಾಯತು. ಹೊಸಬರಿಗೆ ಬಲ ಬರಬೇಕಾದರೆ ಸಣ್ಣ ಪ್ರಾಣಿಗಳಿಂದ ಶುರು ಮಾಡಬೇಕು. ಕೆರೆಯ ದಂಡೆಗೆ ಹೋಗಿ ಕಪ್ಪೆಗಳನ್ನು ಹೊಡೆಯತೊಡಗಿದೆವು. ಮಾವನವರಿಗೆ ಸರಿಬರಲಿಲ್ಲ.

"ಜೀವ ತೆಗೆಯಲ್ಲ ಅಂತ ಈಗಷ್ಟೇ ಹೇಳಿ ಎದ್ವಲ್ಲಪ್ಪ."

"ಅವು ಸಾಯಲ್ಲ ಮಾವ" ಎಂದರು ಉಚ್ಚಂಗೆಪ್ಪನವರು. "ಸ್ವಲ್ಪ ಹೊತ್ತಿಗೆ ಮತ್ತೆ ಬರ್ತಾವೆ. ಕಬಡ್ಡ್ಯಾಗೆ ಔಟ್ ಆದಂಗೆ, ಅಷ್ಟೆ."

ಮಾವನ ಮನಸ್ಸು ನಿರಾಳವಾಯಿತು. ನನ್ನ ಹೆಬ್ಬೆರಳು ಮಾತ್ರ ಊದಿಕೊಂಡಿತು. ಅಕ್ಕತಂಗಿಯರು ಒಂದೇ ಚಾಪೆಯ ಮೇಲೆ ಕೂತು, ಒಬ್ಬರಿಗೆ ಏಟು ಬಿದ್ದರೆ ಇನ್ನೊಬ್ಬರು "ಅಯ್ಯೋ, ನೋಡ್ರೀ" ಎನ್ನುತ್ತಿದ್ದರು. ಯಶೋಧರಾಗೆ ಸಣ್ಣ ಗೀರು ಬಿದ್ದರೂ ಸಂಘಮಿತ್ರಾ ಔಷಧ ಹಾಕಿಸುತ್ತಿದ್ದಳು. ನನ್ನ ನಾಯಕ ಅರೆಜೀವವಾಗಿ ನಿಂತಿದ್ದರೂ "ಅವರಿಗೆ ಆಮೇಲೆ ಹಾಕೋಣ" ಎಂದಳು.

ಮಧ್ಯಾಹ್ನದ ಊಟವಾದ ಮೇಲೆ ಕೋಟೆಯ ಬಾಗಿಲಿಗೆ ಬಂದೆವು. ಉಚ್ಚಂಗೆಪ್ಪನವರು ಟೀಮು ಘೋಷಿಸಿದರು. ಮುಂದೆ ತಾವು. ಬಿಲ್ಲಿಗೆ ಯಶೋಧರಾ. ಬೆಂಕಿಗೆ ಅತ್ತೆ. ಔಷಧಿಗೆ ಸಂಘಮಿತ್ರಾ. ಏಟು ಜೋರಾದರೆ ಮಾವ ಬಂಡಿಯಿಂದ ಇಳಿಯಬೇಕು.

ನಾನು ನಕ್ಕೆ. "ಅಣ್ಣಾ, ಅದು ಸಾಧ್ಯವಿಲ್ಲ. ನಾಯಕನನ್ನು ಹೊರಗಿಡುವಂತಿಲ್ಲ. ಇದು ಅವನ ಕಥೆ. ನಾನು ಬಿ.ಎ. ಓದುವಾಗಿನಿಂದ ಆಡಿದವನು, ನನಗೆ ಗೊತ್ತು."

"ಹೆಸರ ಮೇಲೆ ಒತ್ತಿ ನೋಡ್ರಿ."

ಒತ್ತಿದೆ. ನಾಯಕ ಕತ್ತಿ ಒರೆಗೆ ಹಾಕಿ, ಹೋಗಿ ಬಂಡಿ ಹತ್ತಿ ಕೂತ. ಹಳೆಯ ಆಟದಲ್ಲಿ ಹಾಗಿರಲಿಲ್ಲ. ಹೊಸದರಲ್ಲಿ ಆಡುವವರ ಅನುಕೂಲಕ್ಕೆಂದು ತಿದ್ದುಪಡಿ ತಂದಿದ್ದಾರೆ. ಸಂವಿಧಾನದ ಪಾಠ ಮಾಡುವ ನಾನು ತಿದ್ದುಪಡಿಗೆ ತಲೆಬಾಗಲೇಬೇಕು.

ರಾಕ್ಷಸರಾಜ ಕೊನೆಗೂ ಎದುರಿಗೆ ಬಂದ. ಅಷ್ಟು ವರ್ಷ ಕಾಯಿಸಿದವನು, ನೋಡಲು ಭವ್ಯವಾಗಿಯೇ ಇದ್ದ. ಉಚ್ಚಂಗೆಪ್ಪನವರು ಪಕ್ಕದಲ್ಲಿ ನಿಂತು "ಅತ್ತೆ, ಬೆಂಕಿ. ಮಿತ್ರಾ, ನನ್ಗೆ ಔಷಧಿ. ಮಾವ, ಇಳೀರಿ. ಮಾವ, ಹತ್ರಿ" ಎಂದು ಹೇಳುತ್ತಾ ಹೋದರು. ನಾನು ಒತ್ತುತ್ತಾ ಹೋದೆ. ನನ್ನನ್ನೂ ಒಂದು ಸಲ ಇಳಿಸುತ್ತಾರೇನೋ ಎಂದು ಅವರ ಮುಖ ನೋಡಿದೆ. "ಟಿವಿ ನೋಡ್ರಿ ಮೇಷ್ಟ್ರೇ" ಎಂದರು. ಕೊನೆಯ ಬಾಣ ಯಶೋಧರಾ ಅವರದು. ರಾಕ್ಷಸ ಉರುಳಿದ. ಅಕ್ಕತಂಗಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಕ್ಕರು. ಅತ್ತೆ ದಣಿದವರಂತೆ ನೀರು ಕೇಳಿ ಕುಡಿದರು. ನನ್ನ ವೈರಿ ಸಾಯುವಾಗ ನಾನು ಬಂಡಿಯಲ್ಲಿ ಕೂತಿದ್ದೆ.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಹೊಸ ಆಟದಲ್ಲಿ ರಾಕ್ಷಸ ಸತ್ತ ಮೇಲೆ ಇನ್ನೊಂದು ಹೊಸ ಕಥೆ ಸೇರಿಸಿದ್ದಾರೆ, ಸಮುದ್ರದಾಚೆಯ ದ್ವೀಪದ್ದು. ಟಿವಿಯಲ್ಲಿ ಹಡಗು ಬಂದು ನಿಂತಿತು. ಉಚ್ಚಂಗೆಪ್ಪನವರು ಹಡಗನ್ನೂ ಗಡಿಯಾರವನ್ನೂ ನೋಡಿದರು. ಅವರು ಮರುದಿನ ಬೆಳಗ್ಗೆ ಊರಿಗೆ ಹೊರಡಬೇಕಿತ್ತು.

"ಮಿತ್ರಾ" ಎಂದರು ಯಶೋಧರಾ, "ರಜೆ ಇನ್ನೂ ಐತಲ್ಲ. ಅಪ್ಪ ಅಮ್ಮನ್ನೂ ಕರ್ಕೊಂಡು ನಮ್ಮೂರಿಗೆ ಬಂದ್ಬಿಡು."

ಅಕ್ಕನ ಮನೆಯಿಂದ ಆ ಕರೆ ಬರಲೆಂದು ನನ್ನ ಹೆಂಡತಿ ಎಷ್ಟು ಕಾದಿದ್ದಳು ಎಂಬುದು ನನಗೆ ಗೊತ್ತು. ಅವಳು ತಕ್ಷಣ ಎದ್ದು ಸೀರೆ ಮಡಚತೊಡಗಿದಳು. ಮನಸ್ಸು ತುಂಬಿ ಬಂತು. ನಾನೂ ನನ್ನ ಪಂಚೆ, ಟವೆಲ್ಲು ಬ್ಯಾಗಿಗೆ ಹಾಕಿದೆ.

ಬೆಳಗ್ಗೆ ಕಾರು ಬಾಗಿಲಿಗೆ ಬಂತು. ಮುಂದೆ ಷಡ್ಡಕರು ಮತ್ತು ಮಾವ. ಹಿಂದೆ ಅತ್ತೆ, ಯಶೋಧರಾ, ಸಂಘಮಿತ್ರಾ. ಸಂಘಮಿತ್ರಾಳ ತೊಡೆಯ ಮೇಲೆ ಹಳೆಯ ಶಾಲಿನಲ್ಲಿ ಸುತ್ತಿದ ಕನ್ಸೋಲ್. ಕಾರು ತುಂಬಿತು.

"ನಾನು ಬಸ್ಸಿಗೆ ಬರಲಾ?" ಎಂದೆ.

"ನಾಳೆ ನಲ್ಲಿ ನೀರು ಬರೋ ದಿನ" ಎಂದಳು ಸಂಘಮಿತ್ರಾ. "ಟ್ಯಾಂಕ್ ಯಾರು ತುಂಬಿಸ್ತಾರೆ? ಮೇಲೆ ಬಟ್ಟೆ ಒಣಗೈತೆ, ತೆಗ್ದಿಡ್ರಿ."

ಕಾರು ಹೋಯಿತು. ಬಟ್ಟೆ ತೆಗೆದಿಟ್ಟೆ. ಟಿವಿಯ ಮುಂದೆ ಸುಮ್ಮನೆ ಕೂತೆ. ಮಧ್ಯಾಹ್ನ ಫೋನ್ ಬಂತು, ಉಚ್ಚಂಗೆಪ್ಪನವರದು. ಒಂದೇ ರಿಂಗಿಗೆ ಎತ್ತಿದೆ.

"ಮೇಷ್ಟ್ರೇ, ನೀವಿಲ್ದೆ ಆಟ ಶುರು ಮಾಡಾಕೆ ಆಗ್ತಿಲ್ರಿ."

ಎದೆ ಉಬ್ಬಿತು. "ನಂಗೆ ಗೊತ್ತಿತ್ತು ಅಣ್ಣಾ. ಏನಾಯ್ತು?"

"ಟಿವಿಗೆ ಹಾಕೋ ವೈರು ಅಲ್ಲೇ ಉಳ್ದೈತೆ."

"ಈಗಲೇ ಹೊರಟೆ. ಸಂಜೆ ಹೊತ್ತಿಗೆ ಜಗಳೂರಲ್ಲಿರ್ತೀನಿ."

"ಅಯ್ಯೋ, ನೀವ್ಯಾಕೆ ಅಷ್ಟು ದೂರ ಬರ್ತೀರಿ" ಎಂದರು ಷಡ್ಡಕರು, ನಿಜವಾದ ಕಾಳಜಿಯಿಂದ. "ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ್ ಕೈಯಾಗೆ ಕೊಟ್ಬಿಡ್ರಿ, ಸಾಕು."